ಮುಸುರೆ ತೊಳೆದ ಕೈ

ಕುರುಗೋಡಿನ ಜ್ಯೋತಿಲಕ್ಷ್ಮಿಯ ಬೆರಳ ಸಂದುಗಳಲ್ಲಿ ಕಜ್ಜಿ ಎದ್ದದ್ದು ಇದು ಮೂರನೆಯ ಸಲ. ಆಕೆ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಹಿಂದಿನ ಎರಡು ಸಲವೂ ರಜೆ ಕೊಟ್ಟಿದ್ದ ಮುಖ್ಯೋಪಾಧ್ಯಾಯ ಗೋಪಾಲಕೃಷ್ಣ ಈ ಸಲ ಅವಳನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿದರು.

“ನಿನ್ನ ಅಡಿಗಿ ಬಗ್ಗೆ ತಕರಾರಿಲ್ಲಮ್ಮ. ಆದ್ರ ಪಾಲಕರು ಕೇಳಾಕತ್ಯಾರ. ಒಂದು ತಿಂಗಳು ಟೈಮ್ ಐತಿ, ಅಲ್ಲೀತನಕ ಅಡಿಗಿಗೆ ಬರಬ್ಯಾಡ. ವಾಸಿ ಆಗೇತಿ ಅಂತ ಡಾಕ್ಟರ ಚೀಟಿ ತಂದ್ರ ನಿನ್ನ ಕೆಲಸ ನಿನಗ. ಇಲ್ಲಂದ್ರ ಬ್ಯಾರೆಯವರನ್ನ ಹಾಕ್ಕೋಬೇಕಾಗತೈತಿ.”

ಜ್ಯೋತಿಲಕ್ಷ್ಮಿ ಮನೆಗೆ ಬಂದಳು. ಕುಳಿತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬಾಗಿಲ ಚೌಕಟ್ಟಿಗೆ ಮಣಿಕಟ್ಟು ಉಜ್ಜಿದಳು. ಒಂದು ಗಳಿಗೆ ಹಿತವಾಯಿತು, ಆಮೇಲೆ ಉರಿ ಇಮ್ಮಡಿಯಾಯಿತು.

ಆ ಮನೆಯಲ್ಲಿ ಐದು ಜನ. ಜ್ಯೋತಿಲಕ್ಷ್ಮಿ, ಅತ್ತೆ ಹಂಪಮ್ಮ, ಗಂಡ ಭೀಮರಾಜ, ಇಬ್ಬರು ಹೆಣ್ಣುಮಕ್ಕಳು. ಭೀಮರಾಜ ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಚೀಲ ಹೊರುತ್ತಾನೆ. ವಾರವೆಲ್ಲ ಅಲ್ಲಿಯೇ ಇದ್ದು ಶನಿವಾರ ಮನೆಗೆ ಬರುತ್ತಾನೆ.

ಬಳ್ಳಾರಿಯ ಪಾರ್ವತಿನಗರದ ವೈದ್ಯ ವಿಶ್ವಪ್ರಿಯ ಹಿಂದಿನ ಸಲ ಕಜ್ಜಿಗೆ ಮುಲಾಮು ಬರೆದುಕೊಟ್ಟಿದ್ದರು. ಮನೆಮಂದಿಯೆಲ್ಲ ಒಂದೇ ರಾತ್ರಿ ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿಕೊಳ್ಳಬೇಕು, ಬೆಳಗ್ಗೆ ಸ್ನಾನ ಮಾಡಬೇಕು, ಒಂದು ವಾರದ ನಂತರ ಇನ್ನೊಮ್ಮೆ ಹಚ್ಚಬೇಕು. ಜ್ಯೋತಿಲಕ್ಷ್ಮಿ ಇದನ್ನು ಚಾಚೂತಪ್ಪದೆ ಮಾಡಿದ್ದಳು. ಹಾಗೆಂದು ಅವಳ ನಂಬಿಕೆ. ಆದ್ದರಿಂದ ಅವಳ ಸಿಟ್ಟೆಲ್ಲ ಗಂಡನ ಮೇಲೆ ತಿರುಗಿತು.

ಶನಿವಾರ ಸಂಜೆ ಭೀಮರಾಜ ಬಂದಾಗ ಅವನ ಹಾಸಿಗೆ ಅಂಗಳದಲ್ಲಿ ಬಿದ್ದಿತ್ತು.

“ಇದ್ಯಾಕ ಹೊರಗ ಐತಿ?”

“ಗಿರಣಿಯಾಗ ಹತ್ತು ಮಂದಿ ಜೊತಿ ಗೋಣಿಚೀಲದ ಮ್ಯಾಲೆ ಉರುಳಾಡಿ ಬರ್ತಿ. ಇದು ನೀ ತಂದ ರೋಗ. ಅಲ್ಲೇ ಮಲಕ್ಕೋ.”

“ನನಗ ತುರಿಕೀನ ಇಲ್ಲ. ಇಲ್ಲದ್ದನ್ನ ಎಲ್ಲಿಂದ ತರಲಿ?”

“ಹಂಗಾದ್ರ ಮ್ಯಾಲಿಂದ ಉದುರಿತೇನು?”

ಒಳಗಿಂದ ಹಂಪಮ್ಮ ದನಿಯೆತ್ತಿದಳು. “ದುಡಿದು ಬಂದ ಗಂಡನ್ನ ನಾಯಿ ಹಂಗ ಹೊರಗ ಹಾಕ್ತೀಯಲ್ಲಲೇ. ನಿನ್ನ ರಕ್ತದಾಗ ಕಾವು ಹೆಚ್ಚೈತಿ, ಅಷ್ಟ. ಬಳ್ಳಾರಿ ಮುಲಾಮು ಬರೇ ಬೆಣ್ಣಿ. ಅಂಗಡಿ ಪಂಪಣ್ಣ ಕೊಟ್ಟಿದ್ದ ಟ್ಯೂಬ್ ಎರಡೇ ದಿನದಾಗ ತಣ್ಣಗ ಮಾಡಿತ್ತು. ಅದನ್ನ ಹಚ್ಕೋ.”

ಮಾರನೆಯ ದಿನ ಬೆಳಗ್ಗೆ ಜ್ಯೋತಿಲಕ್ಷ್ಮಿ ಅಂಗಡಿಯ ಆ ಟ್ಯೂಬನ್ನು ಕೈಗೆತ್ತಿಕೊಂಡು ಮುಚ್ಚಳ ತಿರುಗಿಸುತ್ತಿದ್ದಳು. ಪಕ್ಕದ ಮನೆಯ ಬಾಣಂತಿಯನ್ನು ನೋಡಲು ಬಂದಿದ್ದ ಆಶಾ ಕಾರ್ಯಕರ್ತೆ ಹೇಮಾ ಅಂಗಳದ ಹಾಸಿಗೆ ಕಂಡು ಒಳಗೆ ಬಂದಳು.

“ಅದನ್ನ ಕೆಳಗಿಡಕ್ಕ. ಅದರಾಗ ಸ್ಟೆರಾಯ್ಡ್ ಐತಿ. ತುರಿಕಿ ಮಲಗಸ್ತೈತಿ, ಹುಳ ಮಲಗಂಗಿಲ್ಲ. ಅದು ಚರ್ಮದೊಳಗ ಕುಂತು ಮೊಟ್ಟಿ ಇಡತಾನ ಇರತೈತಿ.”

“ಹುಳ ಅಂತ ಹುಳ,” ಎಂದಳು ಹಂಪಮ್ಮ. “ನಾ ಎಪ್ಪತ್ತು ವರ್ಷದಾಕಿ. ಒಂದು ಹುಳಾನೂ ಕಂಡಿಲ್ಲ.”

“ಕಣ್ಣಿಗೆ ಕಾಣೂವಷ್ಟು ದೊಡ್ಡದಿದ್ರ ನೀವಾ ಅದನ್ನ ಬೈದು ಓಡಸ್ತಿದ್ರಿ ಯಮ್ಮಾ. ಎಲ್ಲಾರೂ ಬೆಳಕಿಗೆ ಬರ್ರಿ, ಕೈ ತೋರಸ್ರಿ.”

ಹೇಮಾ ಒಬ್ಬೊಬ್ಬರನ್ನೇ ನೋಡಿದಳು. ಭೀಮರಾಜನ ಕೈ, ಕಂಕುಳು, ಸೊಂಟದಲ್ಲಿ ಒಂದು ಗುಳ್ಳೆಯೂ ಇರಲಿಲ್ಲ. ಹಂಪಮ್ಮನಿಗೂ ಇರಲಿಲ್ಲ. ಮಕ್ಕಳಿಬ್ಬರ ಮಣಿಕಟ್ಟಿನಲ್ಲಿ ನಾಲ್ಕೈದು ಹೊಸ ಗುಳ್ಳೆಗಳಿದ್ದವು. ಜ್ಯೋತಿಲಕ್ಷ್ಮಿಯ ಮೈ ತಿಳಿಯಾಗಿತ್ತು; ಬೆರಳ ಸಂದುಗಳು ಮಾತ್ರ ತುಂಬಿಹೋಗಿದ್ದವು.

“ಅಣ್ಣ ತಂದಿದ್ರ ಮೊದಲು ಅಣ್ಣನ ಮೈಯಾಗ ಇರಬೇಕಿತ್ತು,” ಎಂದಳು ಹೇಮಾ. “ಇಲ್ಲ. ಅಕ್ಕ, ಮುಲಾಮು ಹಚ್ಚಿದ ದಿನ ಏನೇನು ಮಾಡಿದಿ? ತಾಸಿನ ಲೆಕ್ಕದಾಗ ಹೇಳು.”

“ಏಳಕ್ಕ ಉಂಡ್ವಿ. ಮಕ್ಕಳು ತೂಕಡಸಾಕತ್ತಿದ್ರು, ಅದಕ್ಕ ಲಗೂನ ಎಂಟಕ್ಕ ಎಲ್ಲಾರಿಗೂ ಹಚ್ಚಿದೆ. ನಾನೂ ಹಚ್ಕೊಂಡೆ. ಮುಂಜಾನೆ ಆರಕ್ಕ ಜಳಕ.”

“ನಡುವ ನೀರು ಮುಟ್ಟಲಿಲ್ಲ?”

“ಇಲ್ಲ.”

“ಹೆಂಗ ಇಲ್ಲ?” ಹಂಪಮ್ಮನಿಗೆ ಸೊಸೆಯ ಮಾತು ಮನೆತನಕ್ಕೆ ಕುಂದೆನಿಸಿತು. “ಮುಸುರಿ ತಿಕ್ಕಲಿಲ್ಲೇನು? ಈ ಮನ್ಯಾಗ ಒಂದು ದಿನಾನೂ ಮುಸುರಿ ಬಿಟ್ಟು ಮಲಗಿಲ್ಲ. ಲಕ್ಷ್ಮಿ ನಿಲ್ಲಂಗಿಲ್ಲ.”

“ಎಷ್ಟೊತ್ತಿಗೆ ತಿಕ್ಕಿದ್ಲು ಯಮ್ಮಾ?”

“ಹಚ್ಚಿ ಒಂದು ಹದಿನೈದು ನಿಮಿಷ ಆಗಿತ್ತು.”

“ಎರಡನೇ ವಾರ?”

“ಅವತ್ತೂ ಹಂಗಾ.”

ಲೆಕ್ಕ ಸರಳವಾಗಿತ್ತು. ಜ್ಯೋತಿಲಕ್ಷ್ಮಿಯ ಮೈಮೇಲೆ ಔಷಧ ಇದ್ದದ್ದು ಹತ್ತು ಗಂಟೆ, ಕೈಮೇಲೆ ಇದ್ದದ್ದು ಕಾಲು ಗಂಟೆ. ಕಜ್ಜಿಯ ಹುಳಕ್ಕೆ ಎಲ್ಲಕ್ಕಿಂತ ಇಷ್ಟವಾದ ಜಾಗ ಬೆರಳ ಸಂದು. ಅಲ್ಲಿ ಬದುಕುಳಿದ ಹುಳ, ಅದೇ ಕೈ ಮಕ್ಕಳ ಕೈಹಿಡಿದು ಮಲಗಿಸುವಾಗ, ಮಕ್ಕಳಿಗೂ ಮರಳಿ ಹತ್ತಿತ್ತು.

ಜ್ಯೋತಿಲಕ್ಷ್ಮಿ ಎದ್ದು ಹೋಗಿ ಗಂಡನ ಹಾಸಿಗೆಯನ್ನು ಒಳಗೆ ತಂದಳು. ಕ್ಷಮೆ ಕೇಳಲಿಲ್ಲ. ಭೀಮರಾಜನೂ ಕೇಳಿಸಿಕೊಳ್ಳಲು ಕಾಯಲಿಲ್ಲ. “ದಿಂಬು ಮರತಿ,” ಎಂದಷ್ಟೇ ಹೇಳಿದ.

“ಹಂಗಾದ್ರ ಮುಸುರಿ ತಿಕ್ಕೂದಾ ತಪ್ಪೇನು?” ಹಂಪಮ್ಮ ಪಟ್ಟು ಬಿಡಲಿಲ್ಲ.

“ತಪ್ಪಲ್ಲ ಯಮ್ಮಾ. ಮುಸುರಿ ಮೊದಲು, ಮುಲಾಮು ಕಡೀಗೆ. ಹಚ್ಚಿದ ಮ್ಯಾಲೆ ಕೈ ತೊಳೀಬಾರದು. ಹೊರಕಡಿಗೆ ಹೋಗಿ ಬಂದು ತೊಳೀಲೇಬೇಕಾದ್ರ, ಒರಸ್ಕೊಂಡು ಮತ್ತ ಹಚ್ಚಬೇಕು. ಉಗುರಿನ ಕೆಳಗೂ.”

ಸೋಮವಾರ ಜ್ಯೋತಿಲಕ್ಷ್ಮಿ ಬಳ್ಳಾರಿಗೆ ಹೋಗಿ ವೈದ್ಯರಿಂದ ಮತ್ತೆ ಮುಲಾಮು ಬರೆಸಿಕೊಂಡು ಬಂದಳು. ಮುಂದಿನ ಶನಿವಾರ ಬಟ್ಟೆ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹರಡಿದಳು. ಒಗೆಯಲಾಗದ ಕಂಬಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಒಂದು ವಾರ ಮೂಲೆಗಿಟ್ಟಳು. ಆರಕ್ಕೆ ಊಟ ಮುಗಿಯಿತು, ಏಳಕ್ಕೆ ಮುಸುರೆ ಮುಗಿಯಿತು. ಎಂಟಕ್ಕೆ ಅತ್ತೆ, ಸೊಸೆ, ಮಕ್ಕಳು ಮುಲಾಮು ಹಚ್ಚಿಕೊಂಡು ಕುಳಿತರು.

ಸಿರುಗುಪ್ಪದ ಬಸ್ಸು ಮಾತ್ರ ತಡವಾಯಿತು. ಎಂಟೂವರೆಗೆ ಬಂದ ಭೀಮರಾಜ ಹಸಿದಿದ್ದ. ತಾನೇ ಬಡಿಸಿಕೊಂಡು ಉಂಡ. ತಾಟು, ಗಡಿಗೆ, ಸೌಟು ನೆಲದ ಮೇಲೆ ಉಳಿದವು. ಜ್ಯೋತಿಲಕ್ಷ್ಮಿ ಅತ್ತೆಯ ಮುಖ ನೋಡಿದಳು. ಹಂಪಮ್ಮ ತಾಟು ನೋಡುತ್ತಿದ್ದಳು. ಬಹಳ ಹೊತ್ತು ನೋಡಿದಳು. ಜ್ಯೋತಿಲಕ್ಷ್ಮಿ ಏಳಲು ಹೊರಟಳು.

“ಕುಂದ್ರು,” ಎಂದಳು ಹಂಪಮ್ಮ. ಆಮೇಲೆ ಮಗನ ಕಡೆ ತಿರುಗಿದಳು. “ಮುಲಾಮು ಹಚ್ಚದಾವ ಈ ಮನ್ಯಾಗ ನೀ ಒಬ್ಬನಾ ಅದಿ. ಬೂದಿ ಅಲ್ಲೈತಿ. ಗಡಗಿ ತಳ ಚಲೋ ತಿಕ್ಕು.”

ಭೀಮರಾಜ ತಿಕ್ಕಿದ. ಕೈ ಒರೆಸಿಕೊಂಡು ಬಂದು, ತಾನೂ ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿಕೊಂಡು ಮಲಗಿದ.

ಏಳು ದಿನದ ನಂತರ ಎರಡನೆಯ ಸಲ ಹಚ್ಚಿದರು. ಉಳಿದ ಮೊಟ್ಟೆ ಒಡೆದು ಬರುವ ಮರಿಗಳಿಗೆ ಈ ಎರಡನೆಯ ಸಲ. ಆದರೂ ತುರಿಕೆ ಒಮ್ಮೆಲೇ ನಿಲ್ಲಲಿಲ್ಲ. ಜ್ಯೋತಿಲಕ್ಷ್ಮಿ ದಿನಕ್ಕೆ ಹತ್ತು ಸಲ ಬೆರಳು ಬಿಡಿಸಿ ನೋಡಿಕೊಳ್ಳುತ್ತಿದ್ದಳು. ಕ್ಯಾಲೆಂಡರ್ ನೋಡುತ್ತಿದ್ದಳು. ಇನ್ನೊಮ್ಮೆ ಹಚ್ಚಿಬಿಡಲೇ ಎಂದು ಮುಲಾಮು ಹಿಡಿದು ಹೇಮಾಳ ಮನೆಗೂ ಹೋದಳು.

“ಬ್ಯಾಡ,” ಎಂದಳು ಹೇಮಾ. “ಹುಳ ಸತ್ತ ಮ್ಯಾಲೂ ಎರಡು-ಮೂರು ವಾರ ತುರಿಕಿ ಇರತೈತಿ. ಹೊಸ ಗುಳ್ಳಿ ಎದ್ದಾವೇನು?”

“ಇಲ್ಲ.”

“ಹಂಗಾದ್ರ ಸುಮ್ಮನ ಹೋಗು.”

ಹೊಸ ಗುಳ್ಳೆ ಏಳಲಿಲ್ಲ. ಗಡುವಿನ ಇಪ್ಪತ್ತೇಳನೆಯ ದಿನ ವೈದ್ಯರು ಬೆರಳು ಬೆರಳಾಗಿ ಪರೀಕ್ಷಿಸಿ ಚೀಟಿ ಬರೆದರು. ಮರುದಿನ ಗೋಪಾಲಕೃಷ್ಣ ಅದನ್ನು ಓದಿ, ಮಡಚಿ, ಉಗ್ರಾಣದ ಕೀಲಿಕೈಯನ್ನು ಅವಳ ಕೈಯಲ್ಲೇ ಇಟ್ಟರು.

“ಬೇಳಿ ನೆನಸಿಟ್ಟೀನಿ, ಲಗೂ ಹೋಗು,” ಎಂದರು.

ಓದುಗರೇ, ನಿಮ್ಮ ಮನೆಯಲ್ಲಿ ಇಬ್ಬರಿಗೆ ಒಟ್ಟಿಗೆ ತುರಿಕೆ ಇದ್ದು ಅದು ರಾತ್ರಿ ಹೆಚ್ಚುತ್ತಿದ್ದರೆ, ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಹೆಸರು ತಿಳಿಯದ ಟ್ಯೂಬನ್ನು ಅಂಗಡಿಯಲ್ಲಿ ಕೇಳಿ ಹಚ್ಚಬೇಡಿರಿ. ಮನೆಯಲ್ಲಿ ಎಷ್ಟು ಜನರಿದ್ದೀರಿ ಎಂಬುದನ್ನು ವೈದ್ಯರಿಗೆ ತಿಳಿಸಿ, ಅಷ್ಟೂ ಜನರಿಗೆ ಸಾಲುವಷ್ಟು ಔಷಧ ತನ್ನಿರಿ. ತುರಿಕೆ ಇಲ್ಲದವರೂ ಆ ಲೆಕ್ಕದಲ್ಲಿ ಸೇರಿದ್ದಾರೆ. ಕೈಗೂಸು, ಗರ್ಭಿಣಿ ಇದ್ದರೆ ಮೊದಲು ಹೇಳಿರಿ. ಹಚ್ಚುವ ದಿನ ಮನೆಗೆಲಸವೆಲ್ಲ ಮುಗಿದ ಮೇಲೆ ಹಚ್ಚಿರಿ. ಎಲ್ಲರಿಗೂ ಹಚ್ಚಿಕೊಡುವ ಹೆಣ್ಣುಮಗಳ ಕೈಗೆ ಬೆಳಗಿನವರೆಗೆ ನೀರಿನ ಕೆಲಸ ಕೊಡಬೇಡಿರಿ.