ಸೋತ ದಿನದ ಎದೆನೋವು

ನನ್ನ ಎದೆನೋವು ನಮ್ಮ ಮನೆಗೆ ಹಳೆಯ ನೆಂಟ. ಯಾವಾಗ ಬರುತ್ತದೆ, ಎಷ್ಟು ಹೊತ್ತು ಕೂರುತ್ತದೆ, ಏನು ಕೊಟ್ಟರೆ ಎದ್ದು ಹೋಗುತ್ತದೆ ಎಂಬುದೆಲ್ಲ ಮನೆಯವರಿಗೆ ಬಾಯಿಪಾಠ. ಮಾತಿಗೆ ಮಾತು ಬೆಳೆದು, ಇನ್ನೇನು ನಾನು ಸೋಲುತ್ತೇನೆ ಅನ್ನಿಸಿದ ತಕ್ಷಣ ಕೈ ತಾನಾಗಿ ಎದೆಯ ಮೇಲೆ ಹೋಗುತ್ತಿತ್ತು. "ಅಯ್ಯೋ, ಆಗ್ತಿಲ್ಲ ಕಣ್ರೋ" ಅಂದರೆ ಸಾಕು, ಮಗ ಫ್ಯಾನು ಜೋರು ಮಾಡುತ್ತಿದ್ದ, ಯಜಮಾನರು ನೀರು ತರುತ್ತಿದ್ದರು, ಜಗಳ ನನ್ನ ಕಡೆಗೆ ತೀರ್ಮಾನವಾಗುತ್ತಿತ್ತು. ಗೋಡೆಗೆ ಯಾವ ಬಣ್ಣ ಎಂಬಲ್ಲಿಂದ ಹಿಡಿದು ಮಗನಿಗೆ ಬೈಕು ಬೇಡ ಎಂಬಲ್ಲಿಯವರೆಗೆ ಎಲ್ಲವನ್ನೂ ನಾನು ಹೀಗೇ ಗೆದ್ದವಳು.

ನಮ್ಮದು ಹೊಲಿಗೆಯವರ ಮನೆ. ಮುಂದಿನ ಕೋಣೆಯೇ ಅಂಗಡಿ. ಯಜಮಾನರು ಬಟ್ಟೆ ಕತ್ತರಿಸುತ್ತಾರೆ, ನಾನು ಮೆಷಿನ್ನಿನ ಮುಂದೆ ಕೂತು ಶರಟಿನ ಕಾಲರು, ತೋಳು ಹೊಲಿಯುತ್ತೇನೆ. ಮಗ ಹೊಲಿದ ಬಟ್ಟೆಯ ಗಂಟುಗಳನ್ನು ವ್ಯಾನಿನಲ್ಲಿ ಸಾಗಿಸುತ್ತಾನೆ. ಮಗಳು ಪುಟ್ಟಿ ಕಾಜ, ಗುಂಡಿ ಎಂದು ಶುರುಮಾಡಿದವಳು ಈಗ ನಮ್ಮಿಬ್ಬರಿಗಿಂತ ಚೆನ್ನಾಗಿ ಕೋಟು ಹೊಲಿಯುತ್ತಾಳೆ. ಅದನ್ನು ನಾನು ಬಾಯಿಬಿಟ್ಟು ಹೇಳಿದ್ದಿಲ್ಲ. ಹೊಗಳಿದರೆ ಹಾರಿ ಹೋದಾಳು ಎಂಬ ಭಯ.

ಆ ದಿನ ಊಟ ಮುಗಿದ ಮೇಲೆ ಅವಳು ತಟ್ಟೆ ಎತ್ತುತ್ತಾ, "ಅಮ್ಮ, ಹಿಂದಿನ ಬೀದೀಲಿ ಒಂದು ಅಂಗಡಿ ಖಾಲಿ ಇದೆ. ನಾನು ಬರೀ ಕೋಟು ಹೊಲಿಯೋ ಅಂಗಡಿ ಇಡ್ತೀನಿ" ಅಂದಳು.

"ಯಾಕೆ, ಈ ಮನೇಲಿ ಜಾಗ ಸಾಲ್ದಾಯ್ತಾ?"

"ಜಾಗದ ಮಾತಲ್ಲಮ್ಮ. ನಂದು ಅಂತ ಒಂದು ಬೇಕು."

"ನಂದು ಗಿಂದು ಅಂತ ಎಲ್ಲಿಂದ ಕಲಿತ್ಯೇ?"

"ನಿನ್ನಿಂದಾನೇ" ಅಂದಳು.

ಸೋಲು ಎದುರಿಗೇ ಕಂಡಿತು. ಸೋಲು ಕಂಡಾಗ ನಾನು ಏನು ಮಾಡುತ್ತೇನೆಂದು ಆಗಲೇ ಹೇಳಿದೆನಲ್ಲ, ಅದನ್ನೇ ಮಾಡಿದೆ. ಫ್ಯಾನು ಜೋರಾಯಿತು. ನೀರು ಬಂತು. ಪುಟ್ಟಿ ನನ್ನ ಕಾಲ ಬಳಿ ಕೂತು ಪಾದ ತಿಕ್ಕುತ್ತಾ, "ಆಯ್ತಮ್ಮ, ಬಿಡು. ಅಂಗಡಿ ಬೇಡ" ಅಂದಳು. ಎದ್ದು ಕೂತೆ. ನೀರು ಕುಡಿದೆ. ಗೆದ್ದಿದ್ದೆ.

ಆಮೇಲೆ ಮೆಷಿನ್ನಿಗೆ ಕೂತು ಒಂದು ಕಾಲರು ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದ್ದೆ. ಎದೆಯ ನಡುವೆ ಯಾರೋ ಇಸ್ತ್ರಿಪೆಟ್ಟಿಗೆ ಇಟ್ಟು ಅದುಮಿದ ಹಾಗಾಯಿತು. ಬಿಸಿ ಅಲ್ಲ, ಭಾರ. ದವಡೆಗೆ ಏರಿತು, ಎಡತೋಳಿಗೆ ಇಳಿಯಿತು. ಬೆನ್ನೆಲ್ಲ ಬೆವರಿನಲ್ಲಿ ತೊಯ್ದುಹೋಯಿತು. ಪೆಡಲಿನ ಮೇಲಿದ್ದ ಕಾಲು ನನ್ನ ಮಾತು ಕೇಳಲಿಲ್ಲ.

ನಗಬೇಡಿ, ಆಗ ನನಗೆ ಮೊದಲು ಬಂದದ್ದು ಸಾವಿನ ಭಯವಲ್ಲ, ನಾಚಿಕೆ. ಒಂದೇ ದಿನ ಎರಡು ಸಲ ಏನಂತ ಬಾಯಿ ಬಿಡಲಿ? ಇಷ್ಟು ವರ್ಷ ತೋಳ ಬಂತು ತೋಳ ಅಂತ ಕೂಗಿದವಳ ಮನೆಗೆ ತೋಳ ನಿಜವಾಗಿ ಬಂದು ಹೊಸಿಲಲ್ಲಿ ನಿಂತಿತ್ತು. ಹಲ್ಲು ಕಚ್ಚಿಕೊಂಡು ಕೂತೆ. ಹೋಗುತ್ತದೆ ಅಂದುಕೊಂಡೆ. ಹೋಗಲಿಲ್ಲ. ಸುಳ್ಳು ನೋವಿಗೆ ಎಷ್ಟು ಚೆನ್ನಾಗಿ ನರಳುತ್ತಿದ್ದೆ! ನಿಜವಾದದ್ದಕ್ಕೆ ಸ್ವರವೇ ಹೊರಡುತ್ತಿಲ್ಲ.

"ರೀ, ಎದೆ..." ಅಂದೆ ಕಡೆಗೆ.

ಯಜಮಾನರು ಕತ್ತರಿಯಿಂದ ಕಣ್ಣು ತೆಗೆಯಲಿಲ್ಲ. "ಗೆದ್ದಾಯ್ತಲ್ಲೇ, ಇನ್ನೇನು ಬೇಕು? ನಂದೊಂದು ಹೊಸ ಪ್ಯಾಂಟಿದೆ, ಅದ್ನೂ ಕೊಟ್ಬಿಡ್ಲಾ?"

ಬಾಗಿಲಲ್ಲಿ ಗಂಟು ಕಟ್ಟುತ್ತಿದ್ದ ಮಗ ಕಿಸಕ್ಕನೆ ನಕ್ಕ. ಪುಟ್ಟಿ ಒಬ್ಬಳೇ ಎದ್ದು ಬಂದಳು. "ಅಂಗಡಿ ಬೇಡ ಅಂದ್ನಲ್ಲಮ್ಮ. ಅದನ್ನೇ ಮನಸ್ಸಿಗೆ ಹಚ್ಕೊಂಡು ನೋವು ತಂದ್ಕೋಬೇಡ. ಆಣೆ ಮಾಡ್ಲಾ?"

"ಅಂಗಡಿ ತಗೊಳ್ಳೇ" ಅಂದೆ. "ನಾಳೇನೇ ತಗೋ. ನಂದೇ ತಪ್ಪು, ಒಪ್ಕೊಂಡೆ. ನನ್ನ ಆಸ್ಪತ್ರೆಗೆ..."

ಯಜಮಾನರ ಕೈಯಿಂದ ಕತ್ತರಿ ಬಿತ್ತು. ಮುಖ ಸುಣ್ಣದಂತೆ ಬೆಳ್ಳಗಾಯಿತು. "ಲೋ, ವ್ಯಾನ್ ತೆಗಿಯೋ! ನಿಮ್ಮಮ್ಮ ತಪ್ಪು ಒಪ್ಕೊಂಡಿದಾಳೆ. ಇದು ನಿಜವಾದ್ದೇ ಕಣೋ!"

ವ್ಯಾನಿನಲ್ಲಿ ಶರಟಿನ ಗಂಟುಗಳ ಮೇಲೆ ಮಲಗಿಸಿದರು. ತಲೆ ಪುಟ್ಟಿಯ ತೊಡೆಯ ಮೇಲೆ, ಕಾಲು ಯಜಮಾನರ ಮಡಿಲಲ್ಲಿ. ಓಡಿಸುತ್ತಿದ್ದ ಮಗ ನಡುನಡುವೆ ತಿರುಗಿ, "ಅಮ್ಮಾ, ಒಂದ್ಸಲ ಬೈಯಮ್ಮ ನನ್ನ" ಅನ್ನುತ್ತಿದ್ದ. "ಮುಂದೆ ನೋಡ್ಕೊಂಡು ಓಡ್ಸೋ ಕತ್ತೆ" ಅಂದೆ. "ಹಾ, ಇದ್ದಾಳೆ, ಇದ್ದಾಳೆ" ಎಂದು ನಗಲು ಹೋಗಿ ಬಿಕ್ಕಿಬಿಟ್ಟ. ಅಷ್ಟೆತ್ತರದ ಗಂಡಸು ಸ್ಟೇರಿಂಗ್ ಹಿಡಿದು ಅಳುವುದನ್ನು ನೋಡಿ, ಇವರ ಕೈಲಿ ಎಷ್ಟೆಲ್ಲ ಸಲ ನೀರು ತರಿಸಿಕೊಂಡೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಆಸ್ಪತ್ರೆಯಲ್ಲಿ ಎದೆಗೆ ವೈರು ಅಂಟಿಸಿ ನೋಡಿದರು. ಡಾಕ್ಟರು ಹೆಂಗಸು, ಹೆಚ್ಚುಕಡಿಮೆ ಪುಟ್ಟಿಯ ವಯಸ್ಸು. ರಕ್ತನಾಳ ಕಟ್ಟಿಕೊಂಡಿದೆ, ಈಗಲೇ ಒಳಗೆ ಕರೆದೊಯ್ದು ಬಿಡಿಸಬೇಕು ಅಂದರು. ಆಮೇಲೆ ಕೇಳಿದರು: "ಮುಂಚೆ ಯಾವತ್ತಾದ್ರೂ ಹೀಗೆ ನೋವು ಬಂದಿತ್ತಾ?"

ಯಜಮಾನರೂ ಮಗನೂ ಮುಖ ಮುಖ ನೋಡಿಕೊಂಡರು. ಪುಟ್ಟಿ ಹೇಳಿದಳು. "ತುಂಬಾ ಸಲ ಡಾಕ್ಟ್ರೇ. ನಾನು ಚಿಕ್ಕೋಳಿದ್ದಾಗಿಂದ. ನಂಗೆ ನಾಟಕ ಕಂಪನಿಯವ್ರು ವೇಷದ ಬಟ್ಟೆ ಹೊಲಿಯೋ ಕೆಲ್ಸ ಕೊಟ್ಟಿದ್ರು, ಬೇರೆ ಊರಲ್ಲಿ. ಹೊರಡೋ ದಿನ ಅಮ್ಮಂಗೆ ಕೈಯೇ ಎತ್ತಕ್ಕಾಗ್ಲಿಲ್ಲ. ಅದಕ್ಕೇ ನಾನು ಹೋಗ್ಲಿಲ್ಲ."

ಡಾಕ್ಟರು ಯಜಮಾನರ ಕಡೆ ತಿರುಗಿದರು. "ಇಷ್ಟು ವರ್ಷದ ನೋವು, ಒಂದ್ಸಲಾನೂ ತೋರಿಸ್ಲಿಲ್ವಾ? ಹೆಂಡತಿ ಜೀವ ಅಂದ್ರೆ ಅಷ್ಟು ಹಗುರಾನಾ ನಿಮ್ಗೆ?"

ಯಜಮಾನರ ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಅದರ ಎರಡು ತುದಿ ಹಿಡಿದುಕೊಂಡು ತಲೆ ತಗ್ಗಿಸಿ ನಿಂತರು. ಒಂದೇ ಒಂದು ಮಾತು ಸಾಕಿತ್ತು ಅವರಿಗೆ. ಆಡಲಿಲ್ಲ. "ತಪ್ಪಾಯ್ತು ಡಾಕ್ಟ್ರೇ" ಅಂದರು.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಎತ್ತರದ ಮಂಚದ ಮೇಲೆ ಮಲಗಿದವಳಿಗೆ ಭೂಮಿಯೂ ದೂರ.

"ಅವ್ರನ್ನ ಬೈಬೇಡಿ ಡಾಕ್ಟ್ರಮ್ಮ" ಅಂದೆ. "ಅವೆಲ್ಲ ಸುಳ್ಳು ನೋವು. ಜಗಳ ಗೆಲ್ಲಕ್ಕೆ ಮಾಡ್ತಿದ್ದೆ. ನಿಜವಾದ್ದು ಇದೊಂದೇ."

"ಎಲ್ಲಾನೂ?"

"ಎಲ್ಲಾನೂ."

ವೈರು ಸರಿಮಾಡುತ್ತಿದ್ದ ನರ್ಸು ಆ ಕಡೆ ತಿರುಗಿಕೊಂಡಳು, ಭುಜ ಕುಲುಕುತ್ತಿತ್ತು. ಡಾಕ್ಟರು ತುಟಿ ಕಚ್ಚಿಕೊಂಡರು. ಯಜಮಾನರು ಕಣ್ಣೊರೆಸಿಕೊಳ್ಳುತ್ತಾ, "ನಮಗೆ ಗೊತ್ತಿತ್ತು ಬಿಡಿ. ಎದೆನೋವು ಬಂದ ದಿನ ಇವ್ಳು ಎರಡು ತುತ್ತು ಜಾಸ್ತೀನೇ ಉಣ್ತಾಳೆ" ಅಂದರು. ಮಗ ನಕ್ಕ. ನನಗೂ ನಗು ಬಂತು, ನಕ್ಕರೆ ನೋಯುತ್ತಿತ್ತು. ಮಾನ ಹೋದರೂ ಮನೆಯವರು ನಗುತ್ತಿದ್ದಾರಲ್ಲ, ಅಷ್ಟು ಸಾಕು ಅಂದುಕೊಂಡೆ.

ಪುಟ್ಟಿ ನಗಲಿಲ್ಲ.

"ನಿಮಗೆಲ್ಲ ಗೊತ್ತಿತ್ತಾ?" ಎಂದು ಅಪ್ಪನನ್ನು ಕೇಳಿದಳು. ಅಪ್ಪನ ನಗು ನಿಂತುಹೋಯಿತು. ಅವಳು ನನ್ನ ಕಡೆ ಬಗ್ಗಿದಳು. "ನಾನು ಹೊರಟಿದ್ನಲ್ಲ, ಆ ದಿನದ್ದೂನಾ ಅಮ್ಮ?"

ಕಣ್ಣು ಮುಚ್ಚಿಕೊಂಡೆ. ಅಷ್ಟರಲ್ಲಿ ಮಂಚವನ್ನು ಒಳಗೆ ತಳ್ಳಿಕೊಂಡು ಹೋದರು.

ನಾಳ ಬಿಡಿಸಿದರು, ಒಳಗೆ ಸ್ಟೆಂಟು ಕೂರಿಸಿದರು, ಬದುಕಿದೆ. ಮಾರನೆಯ ದಿನ ಪುಟ್ಟಿ ವಾರ್ಡಿಗೆ ಬಂದು ತಲೆ ಬಾಚಿದಳು, ಮುಖ ಒರೆಸಿದಳು, ಕಿತ್ತಳೆ ಹಣ್ಣಿನ ಬೀಜ ತೆಗೆದು ಒಂದೊಂದೇ ತೊಳೆ ಬಾಯಿಗಿಟ್ಟಳು. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಹಾಯೆನಿಸುತ್ತಿತ್ತು. ಈ ಮನೆಯಲ್ಲಿ ನನ್ನ ನೋವನ್ನು ನಿಜವೆಂದು ನಂಬಿದವಳು ಇವಳೊಬ್ಬಳೇ. ನಂಬಿದವಳಿಗೇ ನಾನು ಮೋಸ ಮಾಡಿದ್ದೆ.

"ಅಂಗಡಿ ನೋಡ್ಕೊಂಡು ಬಾರೇ. ಬೇರೆಯವ್ರ ಪಾಲಾಗುತ್ತೆ" ಅಂದೆ.

"ನೀನು ಹೀಗಿರೋವಾಗ ಹೇಗಮ್ಮ ಹೋಗ್ಲಿ?"

"ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ. ಕೇಳಿಲ್ಲಿ. ನಿನ್ನ ಬಿಟ್ಟಿರೋ ಧೈರ್ಯ ಇರ್ಲಿಲ್ಲ ನಂಗೆ. ಹೋಗ್ಬೇಡ ಅಂತ ಬಾಯಲ್ಲಿ ಕೇಳಕ್ಕೆ ಜಂಬ ಬಿಡ್ಲಿಲ್ಲ. ಅದಕ್ಕೆ ಎದೆ ಹಿಡ್ಕೊಂಡೆ. ತಪ್ಪಾಯ್ತು ಪುಟ್ಟಿ."

ಅವಳು ಸಿಪ್ಪೆಗಳನ್ನು ಕಾಗದದಲ್ಲಿ ಸುತ್ತಿದಳು. ಬಹಳ ಹೊತ್ತು ಸುತ್ತಿದಳು. ಆಮೇಲೆ ಕೇಳಿದಳು: "ಈಗ ನೋವಿದ್ಯಾ?"

"ಇಲ್ಲ ಕಂದ. ಸತ್ಯವಾಗ್ಲೂ ಇಲ್ಲ."

ನನ್ನ ಮುಖ ನೋಡಿಯಾಳು ಎಂದು ಕಾದೆ. ಅವಳು ನೋಡಿದ್ದು ನನ್ನ ತಲೆಯ ಹಿಂದಿದ್ದ, ಎದೆಬಡಿತ ತೋರಿಸುವ ಯಂತ್ರವನ್ನು. ಅದರಲ್ಲಿ ಹಸಿರು ಗೆರೆ ಓಡುತ್ತಿತ್ತು. ಅದನ್ನು ಓದಲು ಅವಳಿಗೆ ಬಾರದು. ಎದ್ದು ಹೋಗಿ ನರ್ಸನ್ನು ಕರೆತಂದಳು. "ಅಮ್ಮ ನೋವಿಲ್ಲ ಅಂತಿದಾರೆ. ಹೌದಾ, ಸ್ವಲ್ಪ ನೋಡಿ" ಅಂದಳು.

ನರ್ಸು ನೋಡಿ, "ಎಲ್ಲ ಸರಿಯಾಗಿದೆ" ಅಂದಳು. ಆಗ ಪುಟ್ಟಿ ನನಗೆ ಹೊದಿಕೆ ಸರಿಮಾಡಿ, ಚೀಲ ಹೆಗಲಿಗೆ ಹಾಕಿಕೊಂಡು ಅಂಗಡಿ ನೋಡಲು ಹೋದಳು.