ರೈಟಕ್ಕನ ದೊಡ್ಡಕರುಳು

“ನೋಡಿ ಸಾರ್, ಬಾಗಿಲು ಹಾಕೋದೇನೂ ಬೇಡ, ನನಗೆ ಬಂದಿರೋದು ಕದ್ದು ತಂದ ಕಾಯಿಲೆ ಅಲ್ಲ. ದೊಡ್ಡಕರುಳಿನ ಒಳಗೋಡೇಲಿ ಹುಣ್ಣಾಗಿದೆ. ಡಾಕ್ಟರು ಅದಕ್ಕೆ ಅಲ್ಸರೇಟಿವ್ ಕೊಲೈಟಿಸ್ ಅಂತಾರೆ. ಹುಣ್ಣು ಕೆರಳಿದ್ರೆ ಭೇದಿ ಆಗುತ್ತೆ, ಭೇದಿ ಜೊತೆ ಲೋಳೆ ಬರುತ್ತೆ, ರಕ್ತ ಬರುತ್ತೆ. ಬಂತು ಅಂದ್ರೆ ಬಂತು, ಮುಂದಿನ ಸ್ಟಾಪಿನವರೆಗೂ ತಡ್ಕೋ ಅಂದ್ರೆ ಕೇಳೋದಿಲ್ಲ. ಅಂಟುರೋಗ ಅಲ್ಲ, ಟಿಕೆಟ್ ಮೇಲೆ ಕೂತು ಯಾರ ಮನೆಗೂ ಹೋಗಲ್ಲ. ಗ್ಯಾಸ್ ಅಲ್ಲ, ಉಷ್ಣ ಅಲ್ಲ, ನಮ್ಮಣ್ಣ ನಿಮಗೆ ಹೇಳಿದಾನಲ್ಲ, ಗರ್ಭಕೋಶದ ತೊಂದರೆ, ಅದಂತೂ ಅಲ್ಲವೇ ಅಲ್ಲ. ನನ್ನ ಗರ್ಭಕೋಶ ಪಾಪ ತನ್ನ ಪಾಡಿಗೆ ತಾನಿದೆ, ಅದನ್ನ ಯಾಕೆ ಮಧ್ಯ ಎಳೀತೀರಿ? ನನಗೆ ಬೇಕಾಗಿರೋದು ಎರಡೂ ಕೊನೇಲಿ ಕಕ್ಕಸು ಇರೋ ಚಿಕ್ಕ ರೂಟು. ಕೊಡ್ತೀರೋ ಇಲ್ವೋ, ಅಷ್ಟು ಹೇಳಿ. ರೈಟ್?”

ಡಿಪೋ ಮ್ಯಾನೇಜರರು ಪೆನ್ನಿನ ಕ್ಯಾಪನ್ನು ತೆಗೆಯುವುದು, ಹಾಕುವುದು ಮಾಡುತ್ತಿದ್ದರು. ನಮ್ಮ ಯಜಮಾನರು ಗೋಡೆಯ ಕ್ಯಾಲೆಂಡರಿನಲ್ಲಿ ಕಣ್ಣು ನೆಟ್ಟು ನಿಂತಿದ್ದರು. ಹೊರಗಿನ ಬೆಂಚಿನ ಮೇಲೆ ಡ್ಯೂಟಿಗೆ ಕಾಯುತ್ತಿದ್ದ ಡ್ರೈವರುಗಳ ಹರಟೆ ಗಕ್ಕನೆ ನಿಂತಿತ್ತು. ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕುಳಿತ ನಾನು, ಅಳಬೇಕೋ ನಗಬೇಕೋ ತಿಳಿಯದೆ, ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡೆ.

ಮಾತಾಡಿದವಳು ನನ್ನ ನಾದಿನಿ, ಬಸ್ ಕಂಡಕ್ಟರು. ತಂದೆತಾಯಿ ಇಟ್ಟ ಹೆಸರೊಂದು ಇದ್ದೇ ಇದೆ. ಆದರೆ ಮಾತಿನ ಕೊನೆಗೆ ಸೀಟಿ ಊದಿದಂತೆ ಒಂದು ‘ರೈಟ್’ ಸೇರಿಸುವ ಅಭ್ಯಾಸದಿಂದ ಮೊದಲು ಡಿಪೋದವರಿಗೆ, ಕ್ರಮೇಣ ನಮಗೂ, ಅವಳು ರೈಟಕ್ಕನಾದಳು. ನಿಂತ ನೆಲ ಯಾವಾಗ ಬೇಕಾದರೂ ಕುಲುಕಬಹುದೆಂಬ ಅಪನಂಬಿಕೆಯಿಂದ, ಅಡಿಗೆಮನೆಯಲ್ಲಿ ಒಗ್ಗರಣೆ ಹಾಕುವಾಗಲೂ ಕಾಲು ಅಗಲಿಸಿ, ಸೊಂಟವನ್ನು ಕಟ್ಟೆಗೆ ಆನಿಸಿಯೇ ನಿಲ್ಲುತ್ತಾಳೆ. ಖಾಕಿ ಕೋಟನ್ನು ಮನೆಗೆ ಬಂದಮೇಲೂ ಬಿಚ್ಚುವುದು ಅವಳ ಮನಸ್ಸಿಗೆ ಬಂದಾಗಲೇ. ಮದುವೆಯ ಮಾತೆತ್ತಿದವರಿಗೆ ಅವಳು ಕೊಟ್ಟ ಉತ್ತರ ಒಂದೇ: “ಆ ಸ್ಟಾಪಲ್ಲಿ ಇಳಿಯೋರು ಯಾರೂ ಇರಲಿಲ್ಲ ಅತ್ತಿಗೆ, ಬಸ್ಸು ನಿಲ್ಲಿಸಲಿಲ್ಲ.”

ಇಂಥ ಬಾಯಿ ಇವಳಿಗೆ ಎಲ್ಲಿಂದ ಬಂತೆಂಬುದು ನನಗಿನ್ನೂ ಸೋಜಿಗ. ನಾನು ಸೊಸೆಯಾಗಿ ಕಾಲಿಟ್ಟ ಆ ಮನೆಯಲ್ಲಿ ಹೊಟ್ಟೆಯಿಂದ ಕೆಳಗಿನ ಯಾವುದಕ್ಕೂ ಹೆಸರೇ ಇರಲಿಲ್ಲ. ವಾಂತಿಯಾದರೂ, ಭೇದಿಯಾದರೂ, ಮೂಲವ್ಯಾಧಿಯಾದರೂ ‘ಸ್ವಲ್ಪ ಮೈ ಸರಿಯಿಲ್ಲ’ ಎಂಬ ಒಂದೇ ಹೊದಿಕೆ ಎಲ್ಲವನ್ನೂ ಮುಚ್ಚುತ್ತಿತ್ತು. ನಮ್ಮ ಮಾವನವರು ಮಲದಲ್ಲಿ ರಕ್ತ ಬೀಳುತ್ತಿದ್ದುದನ್ನು ಉಷ್ಣವೆಂದು ಕರೆದು, ಉಷ್ಣವೆಂದೇ ನಂಬಿ, ಡಾಕ್ಟರ ಹತ್ತಿರವೂ ಉಷ್ಣವೆಂದೇ ಹೇಳಿ ತೀರಿಕೊಂಡರು. ಮಣ್ಣಿಗೆ ಬಂದವರಿಗೂ ‘ಉಷ್ಣ ಜಾಸ್ತಿಯಾಗಿತ್ತು’ ಎಂದೇ ಹೇಳಿ ಕಳಿಸಿದೆವು.

ರೈಟಕ್ಕನೂ ಮೊದಮೊದಲು ಹಾಗೆಯೇ ಇದ್ದಳು. ದಾರಿಯಲ್ಲಿ ಕಕ್ಕಸಿಗೆ ಹೋಗಬೇಕಾಗಿ ಬಂದರೆ ಎಂಬ ಭಯಕ್ಕೆ ಡ್ಯೂಟಿಯ ದಿನ ಅನ್ನ ಮುಟ್ಟುತ್ತಿರಲಿಲ್ಲ, ನೀರು ಕುಡಿಯುತ್ತಿರಲಿಲ್ಲ. ಒಂದು ದಿನ ಚಿಲ್ಲರೆ ಕೊಡುತ್ತ ಕೊಡುತ್ತಲೇ ಸೀಟುಗಳ ನಡುವೆ ಕುಸಿದಳು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಾಯಿಲೆಯ ಹೆಸರು ಹೇಳಿದಾಗ ಇವಳು ಬಿಟ್ಟಳೇ? “ತಿಂದದ್ದು ಎಲ್ಲಿ ಹತ್ತಿ ಎಲ್ಲಿ ಇಳಿಯುತ್ತೆ, ಪೂರ್ತಿ ರೂಟು ಹೇಳಿ ಮೇಡಂ,” ಎಂದು ಕೈ ಹಿಡಿದುಕೊಂಡಳು. ಆ ತಾಯಿ ನಕ್ಕು, ಮಂಚದ ಅಂಚಿಗೆ ಕುಳಿತು, ನಿಧಾನವಾಗಿ ಹೇಳಿಕೊಟ್ಟರು. ಅಂದು ಸಂಜೆಯಿಡೀ ವಾರ್ಡಿನಲ್ಲಿ ಅದೇ ಘೋಷಣೆ: “ಅನ್ನನಾಳ, ಜಠರ, ಸಣ್ಣಕರುಳು, ದೊಡ್ಡಕರುಳು, ಮಲಾಶಯ, ಗುದ. ಕೊನೇ ಸ್ಟಾಪ್, ಎಲ್ಲಾ ಇಳೀರಿ!” ಪಕ್ಕದ ಮಂಚದ ಹೆಂಗಸು ಗ್ಯಾಸೆಂದು ನರಳಿದರೆ ಅವಳನ್ನೂ ಹಿಡಿದಳು: “ಹುಳಿತೇಗೋ, ಎದೆಯುರಿಯೋ, ಹೊಟ್ಟೆಯುಬ್ಬರವೋ, ಮಲಬದ್ಧತೆಯೋ? ಬಿಡಿಸಿ ಹೇಳಮ್ಮ. ಬರೀ ಗ್ಯಾಸು ಗ್ಯಾಸು ಅಂತಿದ್ರೆ ಸಿಲಿಂಡರ್ ತಂದಿಡ್ತಾರೆ!”

ಅವಳನ್ನು ದೇವತೆಯೆಂದು ಹಾಡುವುದು ನನ್ನ ಉದ್ದೇಶವಲ್ಲ. ಮನೆಗೆ ಬಂದ ನೆಂಟರು ಊಟಕ್ಕೆ ಕುಳಿತಾಗ, ಒಂದು ತುತ್ತು ಕಡಿಮೆ ತಿಂದವರನ್ನು “ಕಕ್ಕಸಿಗೆ ಸರಿಯಾಗಿ ಆಗ್ತಿಲ್ವಾ?” ಎಂದು ಕೇಳಿ, ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯುವಂತೆ ಮಾಡಿದ್ದಾಳೆ. ಅಂಥ ಹೊತ್ತಿನಲ್ಲಿ ಅವಳನ್ನು ಕೋಟಿನ ಸಮೇತ ಹೊರಗೆ ಹಾಕಿ ಅಗುಳಿ ಹಾಕೋಣವೆಂದು ನನಗೂ ಅನಿಸಿದ್ದುಂಟು.

ಅಣ್ಣ ಎಡವಿದ್ದು ಈ ನಾಲಿಗೆಯ ಭಯದಿಂದಲೇ. ತಂಗಿ ಡ್ಯೂಟಿಗೆ ಮರಳುವ ಮುಂಚೆ, ಅವಳಿಗೆ ಗೊತ್ತಾಗದಂತೆ, ನಮ್ಮ ಯಜಮಾನರು ಡಿಪೋಗೆ ಹೋಗಿ ‘ಗರ್ಭಕೋಶದ ತೊಂದರೆ’ ಎಂದು ಪಿಸುಗುಟ್ಟಿ ಬಂದರು. ಮ್ಯಾನೇಜರರು ಕೆಟ್ಟವರಲ್ಲ. ಹೆಣ್ಣುಮಗಳು ನಿಂತು ನಿಂತು ದಣಿಯಬಾರದೆಂದು, ನಡುವೆ ಎಲ್ಲಿಯೂ ನಿಲ್ಲದ, ಹತ್ತಿಸಿದ ಮೇಲೆ ಕುಳಿತೇ ಹೋಗಬಹುದಾದ ದೂರದ ಬಸ್ಸಿಗೆ ಅವಳನ್ನು ಹಾಕಿದರು. ಎಲ್ಲಿಯೂ ನಿಲ್ಲದ ಬಸ್ಸು!

ಮೊದಲ ದಿನವೇ ಬಟಾಬಯಲಿನಲ್ಲಿ ಬಸ್ಸು ನಿಲ್ಲಿಸಬೇಕಾಯಿತು. ಮರೆಗೆ ಒಂದು ಗಿಡವಿರಲಿಲ್ಲ. ಕಿಟಕಿಗಳ ತುಂಬ ಮುಖಗಳಿದ್ದವು. ಮನೆಗೆ ಬಂದವಳು ಬಚ್ಚಲಲ್ಲಿ ಬಹಳ ಹೊತ್ತು ನೀರು ಸುರಿದುಕೊಂಡಳು. ಆ ಸಂಜೆ ಅವಳ ಬಾಯಿಂದ ಒಂದೇ ಒಂದು ‘ರೈಟ್’ ಬರಲಿಲ್ಲ. ಆ ರೂಟು ಯಾರ ದಯೆಯಿಂದ ಸಿಕ್ಕಿತೆಂಬುದು ಮರುದಿನ ಡ್ರೈವರನ ಬಾಯಿಂದ ತಿಳಿದಾಗ ನೇರ ಮನೆಗೆ ಬಂದು ಅಣ್ಣನ ಎದುರು ನಿಂತಳು.

“ಭೇದಿ, ಕರುಳು ಅಂತೆಲ್ಲ ಅಷ್ಟು ಗಂಡಸರ ಮುಂದೆ ಹೆಂಗೆ ಹೇಳ್ಲೇ?” ಎಂದರು ನಮ್ಮವರು. “ಗರ್ಭಕೋಶ ಅಂದ್ರೆ ಯಾರೂ ಮುಂದಕ್ಕೆ ಕೇಳಲ್ಲ ಕಣೇ. ಗೌರವವಾಗಿ ಸುಮ್ಮನಾಗ್ತಾರೆ.”

“ಅಪ್ಪನ ವಿಷಯದಲ್ಲೂ ಎಲ್ಲಾ ಗೌರವವಾಗೇ ಸುಮ್ಮನಾದ್ವಲ್ಲಣ್ಣ,” ಎಂದಳು. “ನಡಿ ಡಿಪೋಗೆ. ಅತ್ತಿಗೆ, ನೀವೂ ಬನ್ನಿ.”

ಹೀಗೆ ನಾವು ಆ ಕೋಣೆ ತಲುಪಿದ್ದು. ಅವಳ ಭಾಷಣ ಮುಗಿದಮೇಲೆ ಮ್ಯಾನೇಜರರು ದನಿ ತಗ್ಗಿಸಿ, “ಮೆಲ್ಲಗೆ ಮಾತಾಡಮ್ಮ. ಇಷ್ಟೆಲ್ಲ ಕಷ್ಟ ಯಾಕೆ? ಅನ್‌ಫಿಟ್ ಅಂತ ಬರೆದುಬಿಡೋಣ. ಸ್ಟೋರ್ಸಲ್ಲಿ ಟೈರು ನೋಡ್ಕೊಂಡು ಆರಾಮಾಗಿ ಕೂತಿರು,” ಎಂದರು.

ಅವಳ ಮುಖ ಬಿಳುಚಿಕೊಂಡಿತು. ಬಸ್ಸೊಂದೇ ಅವಳದೆನ್ನುವ ಜಾಗ. ಅದು ಕೈಬಿಟ್ಟರೆ ಅವಳಿಗೆ ಉಳಿಯುವುದು ಕೋಟು ಮಾತ್ರವೆಂದು ನನಗೆ ಗೊತ್ತಿತ್ತು. ಅವಳು ಕಾಲು ಅಗಲಿಸಿ ನಿಂತಳು.

“ಟೈರು ಟಿಕೆಟ್ ಕೇಳುತ್ತಾ ಸಾರ್? ಕೆಟ್ಟಿರೋದು ಕರುಳು. ಕೈ ಕೆಟ್ಟಿಲ್ಲ, ಬಾಯಿ ಕೆಟ್ಟಿಲ್ಲ.”

“ಬಾಯಂತೂ ಕೆಟ್ಟಿಲ್ಲ, ಅದಕ್ಕೆ ನಾವೇ ಸಾಕ್ಷಿ!” ಹೊರಗಿನಿಂದ ದಪ್ಪಮೀಸೆಯ ಡ್ರೈವರೊಬ್ಬ ಕೂಗಿದ. ಬೆಂಚೆಲ್ಲ ಗೊಳ್ಳೆಂದಿತು.

ರೈಟಕ್ಕ ಬಾಗಿಲಿನಿಂದ ತಲೆ ಹೊರಹಾಕಿದಳು. “ನಿನ್ನ ಮೂಲವ್ಯಾಧಿ ಹೇಗಿದೆಯಪ್ಪ? ಸೀಟಿನ ಮೇಲೆ ಗಾಳಿ ತುಂಬಿದ ಟ್ಯೂಬ್ ಇಟ್ಕೊಂಡು ಕೂರ್ತೀಯಲ್ಲ, ಸಿಂಹಾಸನ ಅಂದ್ಕೊಂಡಿದೀವಾ ನಾವು?”

ಜಗಳವಾಗುತ್ತದೆಂದು ನಾನು ಸ್ಟೂಲಿನಿಂದ ಎದ್ದೇ ಬಿಟ್ಟೆ. ಮೀಸೆಯವನು ಒಳಗೆ ಬಂದ, ಕೆಂಪಾಗಿದ್ದ ಕಿವಿಯನ್ನು ಉಜ್ಜಿಕೊಳ್ಳುತ್ತ, ಮ್ಯಾನೇಜರರ ಮೇಜಿನ ಕಾಲನ್ನು ನೋಡುತ್ತ, “ಸಾರ್, ಅಕ್ಕನಿಗೆ ಕೊಡೋ ಚಿಕ್ಕ ರೂಟಿಗೆ ಡ್ರೈವರ್ ಬೇಕಲ್ವಾ... ನನ್ನನ್ನೇ ಹಾಕಿ. ದೂರದ ದಾರೀಲಿ ಕೂತು ಕೂತು ನನಗೂ ರಕ್ತ ಹೋಗ್ತಿದೆ,” ಎಂದ. ಬೆಂಚಿನ ಮೇಲೆ ಈ ಸಲ ಯಾರೂ ನಗಲಿಲ್ಲ.

ಮ್ಯಾನೇಜರರು ಇಬ್ಬರನ್ನೂ ನೋಡಿದರು. ಪೆನ್ನಿನ ಕ್ಯಾಪು ಕೊನೆಗೂ ಮೇಜಿನ ಮೇಲೆ ಬಿತ್ತು. “ಸರಿ. ನಾಳೆಯಿಂದ ಇಬ್ಬರೂ ಮಾರ್ಕೆಟ್ ರೂಟು. ಚಿಕ್ಕದು, ಎರಡೂ ಕೊನೇಲಿ... ಅದೂ ಇದೆ. ಹೋಗ್ತಾ ದಯವಿಟ್ಟು ಬಾಗಿಲು ಹಾಕ್ಕೊಂಡು ಹೋಗಿ.”

ಅವಳು ಹಾಕಲಿಲ್ಲ.

ಇದರಿಂದ ಅವಳ ಹುಣ್ಣು ಮಾಯವಾಗಲಿಲ್ಲ. ಬೆನ್ನ ಹಿಂದೆ ಆಡಿಕೊಳ್ಳುವವರು ಇಂದಿಗೂ ಆಡಿಕೊಳ್ಳುತ್ತಾರೆ. ಕೆರಳಿದ ದಿನಗಳಲ್ಲಿ ಅವಳು ಗೋಡೆ ಹಿಡಿದು ನಡೆಯುತ್ತಾಳೆ. ಕೇಳಿದವರಿಗೆ ಮಾತ್ರ ಇದ್ದದ್ದನ್ನು ಇದ್ದ ಹಾಗೆಯೇ ಹೇಳುತ್ತಾಳೆ. ಇಂಥವರನ್ನು ನಾವು ನಾಚಿಕೆಗೆಟ್ಟವರೆಂದು ಕರೆದು ಹಗುರಾಗುತ್ತೇವೆ. ಅಂದು ಬಚ್ಚಲ ಬಾಗಿಲ ಹೊರಗೆ ನಿಂತು ನೀರಿನ ಸದ್ದು ಕೇಳಿದ ನಾನು ಬಲ್ಲೆ, ನಾಚಿಕೆ ಇವರಿಗೆ ನಮಗಿಂತ ಒಂದು ಪಾಲು ಹೆಚ್ಚೇ ಇರುತ್ತದೆ. ಆದರೆ ಅದಕ್ಕೆ ಜೀವ ತೆರಲು ಇವರು ಒಪ್ಪುವುದಿಲ್ಲ. ಮನೆಯಲ್ಲಿ ಇಂಥವರೊಬ್ಬರಿದ್ದರೆ ಊಟದ ಸುಖ ಕೆಡುತ್ತದೆ, ನೆಂಟರು ಕಡಿಮೆಯಾಗುತ್ತಾರೆ. ಉಳಿದವರು ಮಾತ್ರ ತಮ್ಮ ನೋವನ್ನು ಬಾಯಿಬಿಟ್ಟು ಹೇಳಲು ಕಲಿತು ನಾಲ್ಕು ದಿನ ಹೆಚ್ಚು ಬದುಕುತ್ತಾರೆ.

ಈಗ ಅವಳು ಬರುವ ಹೊತ್ತಾಗಿದೆ. ನಮ್ಮ ಯಜಮಾನರು ಹಿತ್ತಲ ನಲ್ಲಿಯಿಂದ ಕಕ್ಕಸಿನ ಡ್ರಮ್ಮಿಗೆ ನೀರು ಹೊರುತ್ತಿದ್ದಾರೆ. ಪಕ್ಕದ ಮನೆಯವರು ಗೋಡೆಯಾಚೆಯಿಂದ, “ಏನು ರಾಯರೇ, ದಿನಾ ಇಷ್ಟೊಂದು ನೀರು?” ಎಂದು ಕೇಳಿದರು.

“ತಂಗಿಗೆ ಸ್ವಲ್ಪ ಮೈ...” ಎಂದು ಶುರುಮಾಡಿ, ತಡೆದು, “ದೊಡ್ಡಕರುಳಿನ ಹುಣ್ಣು. ಭೇದಿ ಆಗುತ್ತೆ,” ಎಂದರು. ಖಾಲಿ ಕೊಡವನ್ನು ಮತ್ತೆ ನಲ್ಲಿಯ ಕೆಳಗಿಟ್ಟರು.