ಮಣೆಯ ಮೇಲೆ ಅತ್ತಿಗೆ

ಕೊಯ್ಲು ಮುಗಿದು ಗಾಳಿ ತಿರುಗಿತ್ತು. ಬಿಸಿಲು ಏರುವಾಗ ಬೀಸಲು ಶುರುವಾದರೆ ಊಟದ ಹೊತ್ತಿನವರೆಗೂ ಒಂದೇ ಹದ. ಆಮೇಲೆ ಅದರ ಬುದ್ಧಿ ಹೇಳಲಾಗದು. ಹಾಗಾಗಿ ನಾದಿನಿಯ ಕಣದಲ್ಲಿ ಬೇಗನೆ ಕೆಲಸಕ್ಕೆ ಕೈ ಹಾಕಿದ್ದರು. ಮನೆಗೆ, ಮಾರಾಟಕ್ಕೆ ಬೇಕಾದ ಗೋಧಿಯನ್ನೆಲ್ಲ ಯಂತ್ರ ಒಕ್ಕಿಕೊಟ್ಟು ಹೋಗಿತ್ತು. ಬಿತ್ತನೆಯದನ್ನು ಮಾತ್ರ, ಕಾಳು ಒಡೆಯುತ್ತದೆಂದು, ಕೋಲಿನಿಂದ ಬಡಿದು ಕೈಯಲ್ಲೇ ತೂರುತ್ತಿದ್ದರು.

ತೂರುವುದಕ್ಕೆ ಮೂರು ಕಾಲಿನ, ಎತ್ತರದ ಮಣೆ. ಪಾದ ಎರಡೂ ಜೋಡಿಸಿಟ್ಟರೆ ಅದರ ಹಲಗೆ ತುಂಬಿಹೋಗುತ್ತದೆ. ಅದರ ಮೇಲೆ ನಿಂತು, ಮೊರವನ್ನು ತಲೆಗಿಂತ ಮೇಲಕ್ಕೆತ್ತಿ, ಸಣ್ಣಗೆ ಅಲುಗಿಸುತ್ತ ಸುರಿಯಬೇಕು. ಕಾಳು ನೆಟ್ಟಗೆ ಬೀಳುತ್ತದೆ, ಹೊಟ್ಟು ಹಾರುತ್ತದೆ. ಸುರಿಯುವವಳು ಕದಲದೆ ನಿಂತರೆ ರಾಶಿ ಗುಂಡಗೆ, ಚೂಪಾಗಿ ಏಳುತ್ತದೆ. ಅವಳು ತೂಗಾಡಿದರೆ ರಾಶಿ ಹರಡಿಕೊಂಡು ಹೊಟ್ಟನ್ನೂ ಜೊತೆಗೆ ಸೇರಿಸಿಕೊಳ್ಳುತ್ತದೆ.

ಅತ್ತಿಗೆ ತೂರಿದ ರಾಶಿಯನ್ನು ಅಕ್ಕಪಕ್ಕದವರು ನೋಡಲು ಬರುತ್ತಿದ್ದ ಕಾಲವೊಂದಿತ್ತು. ಹೋದ ವರ್ಷ ಅವಳು ಮಂಡಿನೋವಿನಿಂದ ಮಲಗಿದ್ದಾಗ ನಾದಿನಿಯೇ ಬಂದು ಅವಳ ಕಣದಲ್ಲಿ ತೂರಿಕೊಟ್ಟಿದ್ದಳು. ಆ ಋಣವನ್ನು ಇವತ್ತು ತೀರಿಸಬೇಕು, ತೀರಿಸಿದರೆ ಮೊದಲಿನ ಕೈಚಳಕದಲ್ಲೇ ತೀರಿಸಬೇಕು ಎಂದು ಹಟ ತೊಟ್ಟು ಬಂದಿದ್ದಳು. ಮಲಗಿದ್ದಾಗ ಮೈಗೆ ಸೇರಿದ ಭಾರ ಮಾತ್ರ, ಎದ್ದ ಮೇಲೂ ಬಿಟ್ಟುಹೋಗಿರಲಿಲ್ಲ.

ಅತ್ತಿಗೆಯ ಗಂಡ ಮಣೆಯ ಕಾಲು ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ. ಅತ್ತಿಗೆ ಹತ್ತಿದಳು.

"ಗಟ್ಟಿ ಹಿಡ್ಕೊಂಡಿದೀರಾ?"

"ಮಣೆ ಹಿಡ್ಕೊಂಡಿದೀನಿ. ನಿನ್ನ ಹಿಡಿಯೋಕೆ ಇನ್ನಿಬ್ಬರು ಬೇಕು."

"ಮೊದಲು ಬಾಯಿ ಹಿಡ್ಕೊಳ್ಳಿ."

ನಾಲ್ಕಾರು ಮೊರ ಸುರಿದಾಗ ನಾದಿನಿ ಪೊರಕೆ ಊರಿಕೊಂಡು ನಿಂತು ನೋಡಿದಳು. "ಅತ್ತಿಗೆ, ರಾಶಿ ಯಾಕೋ ಕಾಲು ಚಾಚಿ ಮಲಗಿದೆಯಲ್ಲ."

"ನಿಮ್ಮ ಮಣೆ ಸೊಟ್ಟ ಕಣೇ."

ಗಂಡ ಒಂದು ಕಾಲಿನಡಿ ಕಲ್ಲುಚೂರು ತುರುಕಿದ. ರಾಶಿ ಮತ್ತೂ ಆರಾಮವಾಗಿ ಮಲಗಿತು.

"ಗಾಳಿ ಸುತ್ತುತ್ತಾ ಇದೆ."

"ಓಹೋ, ನಮ್ಮ ಗಾಳೀನೂ ಸೊಟ್ಟ! ಇಳೀರಿ, ಒಂದು ಮೊರ ನಾನು ನೋಡ್ತೀನಿ."

ನಾದಿನಿ ಹತ್ತಿ ಸುರಿದಳು. ಅದೇ ಮಣೆ, ಅದೇ ಗಾಳಿ. ಕಾಳು ಒಂದೇ ಕಡೆ ಬಿದ್ದು ಮೊನೆ ಕಟ್ಟಿತು. ಗಂಡ ತನ್ನ ಕಾಲ್ಬೆರಳುಗಳನ್ನು ಬಹಳ ಆಸಕ್ತಿಯಿಂದ ನೋಡಿಕೊಂಡ.

ಅತ್ತಿಗೆ ಸೊಂಟಕ್ಕೆ ಕೈಕೊಟ್ಟು ನೆಲದ ಮೇಲೆ ನಿಂತಿದ್ದಳು. "ಈಗ ತಳ್ಳು ನೋಡೋಣ. ಬಂಡೆ ಥರ ನಿಂತಿಲ್ವಾ?"

"ಕಾಲು ಅಗಲ ಮಾಡ್ಕೊಂಡು ನಿಂತಿದೀರಿ. ಮೇಲೆ ಅಷ್ಟು ಜಾಗ ಎಲ್ಲಿದೆ?"

ಅತ್ತಿಗೆಯ ದನಿ ಇಳಿಯಿತು. "ಆಸ್ಪತ್ರೆ ನರ್ಸಮ್ಮನೂ ಅದನ್ನೇ ಹೇಳಿದ್ಲು. ಕಾಲು ಜೋಡಿಸಿ ಕಣ್ಣು ಮುಚ್ಚು ಅಂದ್ಲು. ಮುಚ್ಚಿದೆ. ತೊಟ್ಟಿಲು ತೂಗಿದ ಹಾಗಾಗಿ ಅವಳ ಮೇಜು ಹಿಡ್ಕೊಂಡೆ. ಹೊಟ್ಟೆ ಮುಂದಕ್ಕೆ ಎಳೆಯುತ್ತೆ, ಕಾಲು ಹಿಂದಕ್ಕೆ ಎಳೆಯುತ್ತೆ, ಅವೆರಡರ ಜಗ್ಗಾಟದಲ್ಲಿ ನೀನು ತೂಗಾಡ್ತೀಯ ಅಂದ್ಲು. ಸ್ವಲ್ಪ ಭಾರ ಇಳಿಸಿ, ಕಾಲಿಗೆ ಬಲ ತಂದ್ಕೊಂಡ್ರೆ ಸರಿಹೋಗುತ್ತಂತೆ."

"ನನಗೆ ಹೇಳಲೇ ಇಲ್ಲ?" ಎಂದ ಗಂಡ.

"ಹೇಳಿದ್ರೆ ಊರಿಗೆಲ್ಲ ಡಂಗುರ ಹೊಡೀತಿದ್ರಿ."

ಅಷ್ಟು ಹೇಳಿದವಳು ನಾದಿನಿಯನ್ನು ಇಳಿಸಿ ಮತ್ತೆ ಮಣೆ ಹತ್ತಿಯೇಬಿಟ್ಟಳು. ಮೊರ ಎತ್ತಿ, ಗಾಳಿಯ ದಿಕ್ಕು ನೋಡಲು ಮುಖ ಮೇಲೆ ಮಾಡಿದ್ದೇ ತಡ, ಮೈ ಹಿಂದೆ ವಾಲಿತು, ಮುಂದೆ ಬಂತು. ಮೊರದ ಗೋಧಿಯೆಲ್ಲ ನಾದಿನಿಯ ತಲೆಯ ಮೇಲೆ. ಅತ್ತಿಗೆಯ ಕೈ ಗಂಡನ ಜುಟ್ಟಿನಲ್ಲಿ.

"ಅಯ್ಯೋ, ಇರೋದೇ ನಾಲ್ಕು ಕೂದಲು!"

ನಾದಿನಿ ಗೋಧಿ ಕೊಡವಿಕೊಳ್ಳುತ್ತ ಬಿದ್ದು ಬಿದ್ದು ನಕ್ಕಳು. ಅತ್ತಿಗೆ ಇನ್ನೂ ಆ ಜುಟ್ಟು ಬಿಡದಿರುವುದು ಕಣ್ಣಿಗೆ ಬಿದ್ದಾಗ ನಗು ನಿಂತಿತು. ಹತ್ತಿರ ಬಂದು ಭುಜ ಕೊಟ್ಟಳು. ಅತ್ತಿಗೆ ಒಂದೊಂದೇ ಕಾಲು ನೆಲಕ್ಕೆ ಊರಿ ಇಳಿದಳು. ಇಳಿಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು, ಕೈಯಲ್ಲಿದ್ದ ಮೊರವನ್ನು ನಾದಿನಿಗೆ ಕೊಡುವುದಕ್ಕೆ.

"ಹಿಡಿ. ನಿನ್ನ ಬೀಜ ಹಾಳಾಗೋದು ಬೇಡ."

ಗಾಳಿ ಬೀಳುವವರೆಗೂ ನಾದಿನಿ ಮೇಲೆ, ಅತ್ತಿಗೆ ಕೆಳಗೆ. ಕಾಲು ಅಗಲಿಸಿ ನಿಂತು ಮೊರ ತುಂಬಿ ಕೊಟ್ಟಳು, ರಾಶಿಯ ಅಂಚಿಗೆ ಬಂದ ಹೊಟ್ಟನ್ನು ಪೊರಕೆಯ ತುದಿಯಿಂದ ನಾಜೂಕಾಗಿ ಸರಿಸಿದಳು, ಗಂಡನನ್ನು ಬೈದಳು.

ಕೈಕಾಲು ತೊಳೆಯುವಾಗ ಕೇಳಿದಳು: "ಹೋದ ವರ್ಷದ್ದು ತೀರಿತು ತಾನೇ?"

"ಅದು ಹೇಗೆ ತೀರುತ್ತೆ? ನಿಮ್ಮ ಕಣದಲ್ಲಿ ನಾನು ಮೇಲೆ ನಿಂತಿದ್ದೆ. ನೀವು ಕೆಳಗೆ ನಿಂತ್ರಿ."

"ಬೆಳಗಿಂದ ಸೊಂಟ ಮುರ್ಕೊಂಡಿದೀನಿ!"

"ಅದಕ್ಕೆ ಊಟ ಹಾಕ್ತೀನಿ. ಮಣೆ ಮೇಲಿನ ಸಾಲ ಮಣೆ ಮೇಲೇ ತೀರಬೇಕು, ಅತ್ತಿಗೆ."

ಅತ್ತಿಗೆ ಬೈಯಲು ಬಾಯಿ ತೆರೆದವಳು ನಾದಿನಿಯ ಮುಖ ನೋಡಿ ಮನಸ್ಸು ಬದಲಿಸಿದಳು. ಸೆರಗಿಗೆ ಕೈ ಒರೆಸಿಕೊಂಡಳು.

"ನಾನು ಸಾಲಗಾರ್ತಿ ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗ್ತೀಯ."

"ಇವತ್ತು ಸಂಜೇನೇ ಶುರು ಮಾಡ್ತೀನಿ."

"ಹೇಳು ಹೇಳು. ಮುಂದಿನ ವರ್ಷ ತೀರಿಸ್ತಾಳಂತೆ ಅಂತಾನೂ ಸೇರಿಸಿ ಹೇಳು."